ಅಕ್ಷಗಳಿಲ್ಲದ ಗ್ರಾಫ್

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನ್ನ ಮಗಳ ಪಠ್ಯದಲ್ಲಿ ‘ಗ್ರಾಫ್ ಸಿದ್ಧಾಂತ’ ಎಂಬ ವಿಷಯವಿದೆ. ನಾವು ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಎಳೆಯುತ್ತಿದ್ದ ಅಕ್ಷಗಳು ಅದರಲ್ಲಿಲ್ಲ. ಬರಿಯ ಚುಕ್ಕಿ, ಗೆರೆಗಳು. ಇದೆಂಥ ಗಣಿತ? ಹೊಸಬರಿಗೆ ಇದನ್ನೇಕೆ ಕಲಿಸುತ್ತಾರೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಸರೊಂದೇ ಆದರೂ ಶಾಲೆಯ ಗ್ರಾಫ್ ಬೇರೆ, ಇದು ಬೇರೆ. ಇಲ್ಲಿ ಗ್ರಾಫ್ ಎಂದರೆ ಕೆಲವು ಬಿಂದುಗಳು ಮತ್ತು ಅವುಗಳಲ್ಲಿ ಯಾವುದು ಯಾವುದರೊಡನೆ ಕೂಡಿಕೊಂಡಿದೆ ಎಂಬುದನ್ನು ತೋರಿಸುವ ಗೆರೆಗಳು, ಅಷ್ಟೇ; ಗೆರೆ ನೇರವೋ ಡೊಂಕೋ ಎಂಬುದು ಲೆಕ್ಕಕ್ಕಿಲ್ಲ.

ಇದರ ಮೂಲವನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಬರೆದ ಪ್ರಬಂಧದಲ್ಲಿ ಕಾಣಬಹುದು. ಇಂದು ರಷ್ಯದ ಕಲಿನಿನ್‌ಗ್ರಾಡ್ ಎನಿಸಿಕೊಂಡಿರುವ ಅಂದಿನ ಕೊನಿಗ್ಸ್‌ಬರ್ಗ್ ನಗರವನ್ನು ಪ್ರೆಗೆಲ್ ನದಿ ನಾಲ್ಕು ಭಾಗಗಳಾಗಿ ಸೀಳಿತ್ತು, ಅವನ್ನು 7 ಸೇತುವೆಗಳು ಕೂಡಿಸಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಏಳನ್ನೂ ಮುಗಿಸಲು ಸಾಧ್ಯವೇ ಎಂಬುದು ಪ್ರಶ್ನೆ. ಭಾಗಗಳನ್ನು ಬಿಂದುಗಳೆಂದೂ ಸೇತುವೆಗಳನ್ನು ಗೆರೆಗಳೆಂದೂ ತಿಳಿದರೆ ಇದೇ ಒಂದು ಗ್ರಾಫ್. ನಡುದಾರಿಯಲ್ಲಿ ಸಿಗುವ ಯಾವುದೇ ಭಾಗಕ್ಕೆ ಒಂದು ಸೇತುವೆಯಿಂದ ಬಂದವನು ಇನ್ನೊಂದರಿಂದ ಹೊರಡಲೇಬೇಕಾದ್ದರಿಂದ ಅಲ್ಲಿನ ಸೇತುವೆಗಳು ಜೋಡಿ ಜೋಡಿಯಾಗಿ ಮುಗಿಯುತ್ತವೆ; ಆದುದರಿಂದ ಬೆಸ ಸಂಖ್ಯೆಯ ಸೇತುವೆಗಳುಳ್ಳ ಭಾಗವು ನಡಿಗೆಯ ಆರಂಭವೋ ಕೊನೆಯೋ ಆಗಿರಬೇಕು, ಅಂಥವು ಎರಡಕ್ಕಿಂತ ಹೆಚ್ಚಿರುವಂತಿಲ್ಲ. ಅಲ್ಲಿಯಾದರೋ ಒಂದು ಭಾಗಕ್ಕೆ 5, ಉಳಿದ ಮೂರಕ್ಕೆ ತಲಾ 3: ನಾಲ್ಕೂ ಬೆಸ. ಒಂದು ಹೆಜ್ಜೆಯನ್ನೂ ಇಡದೆ, ಆ ನಡಿಗೆ ಅಸಾಧ್ಯವೆಂದು ಸಿದ್ಧವಾಯಿತು.

ಹೊಸಬರಿಗೆ ಇದನ್ನು ಕಲಿಸುವುದು ಮುಖ್ಯವಾಗಿ ಈ ಕಾರಣಕ್ಕೇ ಎಂದು ನನ್ನ ಅಭಿಪ್ರಾಯ. ‘ನನಗೆ ಆಗಲಿಲ್ಲ’ ಎನ್ನುವುದಕ್ಕೂ ‘ಯಾರಿಂದಲೂ ಆಗದು’ ಎಂದು ಸಾಧಿಸುವುದಕ್ಕೂ ಇರುವ ಅಂತರ, ಕಲನಶಾಸ್ತ್ರದ (ಕ್ಯಾಲ್ಕುಲಸ್) ಗಂಧವೂ ಬೇಡದೆ, ಇಲ್ಲಿ ಮೊದಲ ಪಾಠದಲ್ಲೇ ತಿಳಿಯುತ್ತದೆ. ಹಾಗೆಂದು ವಿಷಯ ಸುಲಭವೆಂದು ಭಾವಿಸಬೇಡಿ: ನಕ್ಷೆಯ ನೆರೆಹೊರೆ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಮಾಡಲು ನಾಲ್ಕು ಬಣ್ಣ ಸಾಕೇ ಎಂಬ, 1852ರಲ್ಲಿ ಎದ್ದ ಪ್ರಶ್ನೆಯೂ ಗ್ರಾಫಿನದೇ (ಪ್ರದೇಶಗಳೇ ಬಿಂದುಗಳು, ನೆರೆಯವನ್ನು ಕೂಡಿಸುವುದು ಗೆರೆ); ‘ಸಾಕು’ ಎಂಬುದಕ್ಕೆ 1976ರಲ್ಲಿ, ಅದೂ ಕಂಪ್ಯೂಟರಿನ ನೆರವಿನಿಂದ, ಪುರಾವೆ ದೊರೆಯಿತು. ಇನ್ನು ಮಗಳ ಓದಿಗೆ ನೇರವಾಗಿ ಒದಗುವುದು, ಗೆರೆಗಳಿಗೆ ದೂರವನ್ನು ಅಂಟಿಸಿ ಅತಿ ಹತ್ತಿರದ ದಾರಿಯನ್ನು ಹುಡುಕುವ, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದಂಥ ವಿಧಾನಗಳು.

ನೀವೂ ಒಂದನ್ನು ಪ್ರಯತ್ನಿಸಿ. ಚೌಕವೊಂದನ್ನು ಬರೆದು ಎರಡೂ ಕರ್ಣಗಳನ್ನು ಎಳೆಯಿರಿ. ಪೆನ್ಸಿಲ್ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ ಅದನ್ನು ಬರೆಯಲಾಗದು, ಏಕೆಂದರೆ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಗೆರೆಗಳಿವೆ. ಅದರ ಮೇಲೆ ಮನೆಯ ಮಾಡಿನಂತೆ ಎರಡು ಗೆರೆ ಸೇರಿಸಿದರೆ ಬರೆಯಬಹುದು. ಆದರೆ ಕೆಳಗಿನ ಮೂಲೆಯೊಂದರಿಂದಲೇ ಹೊರಡಬೇಕು.