ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು? ಸವರಬೇಕಾ, ಹಾಗೇ ಬಿಡಬೇಕಾ?

ಕಂಪ್ಯೂಟರಿನ ಪ್ರೊಸೆಸರನ್ನು ತಣ್ಣಗಿಡುವ ಹಳೇ ಕೂಲರ್ ಬಿಚ್ಚಿದಾಗ, ಅವೆರಡರ ನಡುವಿನ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು ಅಂದಿದ್ದೀರಿ. ಹೊಸದನ್ನು ಎಷ್ಟು ಹಾಕಬೇಕು, ಬೆರಳಲ್ಲಿ ಸವರಬೇಕಾ, ಜಾಸ್ತಿ ಆದರೆ ಬೋರ್ಡ್ ಸುಟ್ಟುಹೋಗುತ್ತಾ ಎಂದು ಕೇಳಿದ್ದೀರಿ. ಮೊದಲು ಭಯ ಬಿಡಿ. ಈಗ ಸಿಗುವ ಮಾಮೂಲಿ ಪೇಸ್ಟ್‌ಗಳಲ್ಲಿ ಹೆಚ್ಚಿನವು ಕರೆಂಟ್ ಹರಿಸುವುದಿಲ್ಲ. ಟ್ಯೂಬಿನ ಮೇಲೆ ಒಮ್ಮೆ ಓದಿಕೊಳ್ಳಿ. ಸ್ವಲ್ಪ ಆಚೆ ಈಚೆ ಚೆಲ್ಲಿದರೆ ಗಲೀಜು, ಅಷ್ಟೇ.

ಪೇಸ್ಟ್ ಯಾಕೆ ಬೇಕು ಅಂತ ತಿಳಿದರೆ ಎಷ್ಟು ಬೇಕು ಅನ್ನೋದು ತಾನಾಗೇ ಹೊಳೆಯುತ್ತದೆ. ಪ್ರೊಸೆಸರಿನ ಮೇಲ್ಮುಚ್ಚಳ, ಕೂಲರಿನ ತಳ ಎರಡೂ ನೋಡೋಕೆ ನುಣ್ಣಗಿರುತ್ತವೆ. ಆದರೆ ಕಣ್ಣಿಗೆ ಕಾಣದ ಗೀರು, ತಗ್ಗು ಇದ್ದೇ ಇರುತ್ತವೆ. ಒಂದರ ಮೇಲೊಂದು ಕೂತಾಗ ಆ ತಗ್ಗುಗಳಲ್ಲಿ ಗಾಳಿ ಉಳಿದುಬಿಡುತ್ತದೆ. ಶಾಖ ಸಾಗಿಸೋದರಲ್ಲಿ ಗಾಳಿ ಮಹಾ ಸೋಮಾರಿ. ಶಾಖ ಸಾಗಿಸುವ ಗುಣವನ್ನು ಮೀಟರಿಗೆ, ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರಲ್ಲ, ಆ ಲೆಕ್ಕದಲ್ಲಿ ತಾಮ್ರ ಸುಮಾರು 400, ಗಾಳಿ ಬರೀ 0.026. ಒಳ್ಳೆಯ ಪೇಸ್ಟಿನ ಪ್ಯಾಕೆಟ್ ಮೇಲೆ 5ರಿಂದ 12ರ ತನಕ ಬರೆದಿರುತ್ತಾರೆ. ಗಾಳಿಯ ಮುಂದೆ ಅದು ನೂರಾರು ಪಾಲು ವಾಸಿ ಆದರೂ ಲೋಹದ ಮುಂದೆ ಏನೇನೂ ಅಲ್ಲ. ಹಾಗಾಗಿ ಪೇಸ್ಟ್ ಇರಬೇಕಾದ್ದು ಸಂದಿಯಲ್ಲಿ ಮಾತ್ರ.

ನಿಮ್ಮ ಕೂಲರ್ ಆಗಲೇ ಬಿಚ್ಚಿಯಾಗಿದೆ, ಆದರೂ ಮುಂದಿನ ಸಲಕ್ಕೆ ಒಂದು ಮಾತು. ನಾನು ಮೊದಲ ಸಲ ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಒಂದು ಬಗೆಯ ಸಾಕೆಟ್) ಬೋರ್ಡಿನ ಕೂಲರ್ ತೆಗೆಯುವಾಗ ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನಷ್ಟು ಎಳೆದೆ. ಟಪ್ ಅಂತ ಕೈಗೆ ಬಂತು, ನೋಡಿದರೆ ಪ್ರೊಸೆಸರ್ ಕೂಡ ಕೂಲರಿಗೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬಂದಿತ್ತು. ಪ್ರೊಸೆಸರನ್ನು ಹಿಡಿದಿಡುವ ಲಿವರ್ ಲಾಕ್ ಆಗೇ ಇತ್ತು! ಆ ಸಾಕೆಟ್ಟಿಗೆ ಬರುವ ಪ್ರೊಸೆಸರಿನ ಅಡಿಯಲ್ಲೇ ಪಿನ್ನುಗಳಿರುತ್ತವೆ, ಮೂಲೆಯಲ್ಲಿ ನಾಲ್ಕು ಬಾಗಿದ್ದವು. ಕಡ್ಡಿ ತೆಗೆದ ಪೆನ್ ಪೆನ್ಸಿಲ್ಲಿನ ತುದಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಅದೃಷ್ಟ, ಒಂದೂ ಮುರಿಯಲಿಲ್ಲ. ಈಗ ಬಿಚ್ಚುವ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬೆಚ್ಚಗೆ ಮಾಡುತ್ತೇನೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತೇನೆ. ಪೇಸ್ಟ್ ಸಡಿಲವಾಗಿದ್ದು ಕೈಗೇ ಗೊತ್ತಾಗುತ್ತದೆ.

ಈಗ ನಿಮ್ಮ ಕೆಲಸ. ಹಳೇ ಪೇಸ್ಟನ್ನು ಎರಡೂ ಕಡೆ ಪೂರ್ತಿ ತೆಗೆಯಿರಿ. ಶೇಕಡಾ 90ಕ್ಕಿಂತ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ ಸಾಕು. ಚಾಕು, ಸ್ಕ್ರೂಡ್ರೈವರಿಂದ ಕೆರೆಯಬೇಡಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಚರ್ಮದ ಜಿಡ್ಡು ಕೂರುತ್ತದೆ. ಬೆರಳಲ್ಲಿ ಸವರಬೇಡಿ ಅನ್ನೋದಕ್ಕೂ ಇದೇ ಕಾರಣ.

ಒಣಗಿದ ಮೇಲೆ ಮಧ್ಯದಲ್ಲಿ ಒಂದು ಬೊಟ್ಟು, ಸಣ್ಣ ಬಟಾಣಿಯಷ್ಟು, 4–5 ಮಿಲಿಮೀಟರ್ ಅಗಲ. ಸವರೋದು ಬೇಡ, ಕೂಲರ್ ಒತ್ತಿದಾಗ ತಾನೇ ಹರಡಿಕೊಳ್ಳುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿಗೆ ಬರುವಂಥ ಉದ್ದನೆಯ ಪ್ರೊಸೆಸರಿಗೆ ಮೂಲೆಯಿಂದ ಮೂಲೆಗೆ ತೆಳ್ಳಗೆ ಗುಣಿಸು ಚಿಹ್ನೆ ಎಳೆಯಿರಿ. ಬೊಟ್ಟು, ಗೆರೆ, ಗುಣಿಸು ಅಂತ ಜನ ಇದಕ್ಕೆ ದಿನಗಟ್ಟಲೆ ಜಗಳವಾಡುತ್ತಾರೆ. ನನ್ನ ಅನುಭವದಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ, ಸುಮ್ನೆ ತಲೆ ಕೆಡಿಸಿಕೊಳ್ಳೋದು. ಅನುಮಾನ ಬಂದರೆ ಒಂದು ಚೂರು ಜಾಸ್ತಿಯೇ ಇರಲಿ. ಹೆಚ್ಚಾಗಿದ್ದು ಅಂಚಿಗೆ ಒಸರುತ್ತದೆ, ಕಡಿಮೆಯಾದರೆ ಒಂದು ಮೂಲೆ ಬೋಳಾಗಿ ಉಳಿಯುತ್ತದೆ. ಲ್ಯಾಪ್‌ಟಾಪ್ ಮಾತ್ರ ಬೇರೆ. ಸಾಮಾನ್ಯವಾಗಿ ಅಲ್ಲಿ ಮುಚ್ಚಳ ಇರೋದಿಲ್ಲ, ಚಿಪ್ ಬೆತ್ತಲಾಗಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಚೂರಿನಿಂದ ತೆಳ್ಳಗೆ ಪೂರ್ತಿ ಹಚ್ಚಬೇಕು, ಅಂಚೂ ಬಿಡುವ ಹಾಗಿಲ್ಲ. ಕೂಲರ್ ಹೊಸದಾಗಿದ್ದು ತಳದಲ್ಲಿ ಪೇಸ್ಟ್ ಹಚ್ಚಿಯೇ ಬಂದಿದ್ದರೆ ನಿಮ್ಮದು ಬೇಡ.

ಹಲವು ಹೊಸ ಕೂಲರುಗಳ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಕೀಳೋಕೆ ಮರೆತವರು ಎಷ್ಟು ಜನವೋ! ಒಂದು ಸಲ ನಾನೂ ಮರೆತಿದ್ದೆ.

ಜಾಸ್ತಿ ಗಮನ ಕೊಡಬೇಕಾದ್ದು ಕೂಲರ್ ಕೂರಿಸುವಾಗ. ನೇರ ಕೆಳಗೆ ಇಳಿಸಿ. ಸರಿಯಾಗಿ ಕೂತಿಲ್ಲ ಅನ್ನಿಸಿ ಪೂರ್ತಿ ಎತ್ತಿದಿರಾ? ಹಾಗೇ ಮತ್ತೆ ಇಡಬೇಡಿ, ಗುಳ್ಳೆ ಸೇರಿಕೊಳ್ಳುತ್ತದೆ. ಒರೆಸಿ ಮೊದಲಿಂದ ಶುರು ಮಾಡಿ. ಸ್ಕ್ರೂ ಒಂದನ್ನೇ ಕೊನೆತನಕ ಬಿಗಿ ಮಾಡದೆ, ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ತಿರುಗಿಸುತ್ತಾ ಹೋಗಿ. ಒಂದೇ ಕಡೆ ಬಿಗಿದರೆ ಕೂಲರ್ ಓರೆಯಾಗಿ ಪೇಸ್ಟೆಲ್ಲ ಇನ್ನೊಂದು ಬದಿಗೆ ಓಡುತ್ತದೆ. ಫ್ಯಾನ್ ವೈರ್ ಚುಚ್ಚೋದು ಮರೆಯಬೇಡಿ.

ಆನ್ ಮಾಡಿ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಟೆಂಪರೇಚರ್ ನೋಡಿ. ಸುಮ್ಮನಿದ್ದಾಗ 30ರಿಂದ 50 ಡಿಗ್ರಿ ಇದ್ದರೆ ಆರಾಮ. ಏನೂ ಮಾಡದೆಯೇ ನಿಮಿಷದೊಳಗೆ 90 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಇಲ್ಲಾ ಆ ಹಾಳೆ ಅಲ್ಲೇ ಇದೆ. ಭಾರೀ ಕೆಲಸ ಕೊಟ್ಟಾಗ 95 ಮುಟ್ಟುವುದು ಬೇರೆ ಮಾತು. ಎಎಂಡಿಯ ರೈಜನ್ 7000 ಸರಣಿಯ ಹಲವು ಪ್ರೊಸೆಸರ್‌ಗಳು ಹಾಗೆ ಓಡಲೆಂದೇ ಮಾಡಿದವು.

ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ತಗೋ ಅಂತ ಯಾರಾದರೂ ಹೇಳಿದರೆ ಈಗಲೇ ಬೇಡ. ಅದು ಕರೆಂಟ್ ಹರಿಸುತ್ತದೆ, ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಕೂಲರನ್ನು ತಿಂದುಹಾಕುತ್ತದೆ.

ಇನ್ನು, ಟೆಂಪರೇಚರ್ ಸರಿಯಿದ್ದರೆ ಪೇಸ್ಟ್ ಹೇಗೆ ಹರಡಿದೆ ನೋಡೋಣ ಅಂತ ಮತ್ತೆ ಬಿಚ್ಚಬೇಡಿ. ನೋಡಿದ ತಪ್ಪಿಗೆ ಒರೆಸಿ ಮತ್ತೆ ಹಾಕಬೇಕಾಗುತ್ತದೆ.