ನಿಮ್ಮ ಮೂಳೆ ಲೇಖನದ ಬಗ್ಗೆ

ನಮಸ್ಕಾರ.

'ಮೂಳೆಗಳು: ದೇಹದ ಕಂಬಗಳು' ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಒಳ್ಳೆಯ ಲೇಖನವೊಂದು ಇದರೊಳಗೇ ಇದೆ. ಅದು ಶುರುವಾಗುವುದು ಮಾತ್ರ ಮೂರನೇ ಪುಟದಲ್ಲಿ.

ಮೊದಲ ಎರಡು ಪುಟ ಬರೀ ಲೆಕ್ಕ. ಒಟ್ಟು 206, ತಲೆಬುರುಡೆಯಲ್ಲಿ 22, ಪಕ್ಕೆಲುಬು 24. ತಪ್ಪೇನಿಲ್ಲ, ಆದರೆ ಇದು ಶಾಲೆಯ ಪುಸ್ತಕದಲ್ಲೇ ಸಿಗುತ್ತದೆ. ಹುಟ್ಟಿದ ಮಗುವಿನಲ್ಲಿ 270ಕ್ಕೂ ಜಾಸ್ತಿ ಇರುತ್ತವೆ ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಉಳಿದವು ಎಲ್ಲಿ ಹೋದವು ಎಂದು ಓದುಗರು ಕೇಳುತ್ತಾರೆ, ಅಲ್ವಾ? ಅವು ಬೆಸೆದುಕೊಳ್ಳುತ್ತವೆ. ಬೆನ್ನಿನ ಬುಡದ ಐದು ಮೂಳೆ ಸೇರಿ ಒಂದಾಗುತ್ತವೆ. ಇಷ್ಟು ಹೇಳಿದರೆ ಸಾಕು, ಆ ಲೆಕ್ಕಕ್ಕೆ ಅರ್ಥ ಬರುತ್ತದೆ.

ಮೂರನೇ ಪುಟದಲ್ಲಿ ನಿಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡದ್ದು ಬರುತ್ತದೆ. 'ಮೂಳೆ ಸವೆದಿದೆ ಅಂತ ಡಾಕ್ಟರ್ ಹೇಳಿದರು' ಎಂದು ನಾಲ್ಕೇ ಸಾಲಿಗೆ ಮುಗಿಸಿದ್ದೀರಿ. ಸವೆಯಿತು ಎಂದರೆ ಏನಾಯಿತು? ನಿಮ್ಮ ಲೇಖನ ಹೇಳಬೇಕಾದದ್ದು ಅದನ್ನೇ.

ಅದಕ್ಕೆ ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. '25 ವರ್ಷಕ್ಕೆ ಮೂಳೆಯ ಬೆಳವಣಿಗೆ ಮುಗಿಯುತ್ತದೆ, ಆಮೇಲೆ ಅದು ಬದಲಾಗುವುದಿಲ್ಲ' ಎಂದು ಬರೆದಿದ್ದೀರಿ. ನಿಲ್ಲುವುದು ಉದ್ದ ಬೆಳೆಯುವುದು ಮಾತ್ರ. ಮೂಳೆಯೊಳಗೆ ಹಳೆಯದನ್ನು ಕರಗಿಸುವ ಕೋಶಗಳಿವೆ, ಅವನ್ನು ಆಸ್ಟಿಯೋಕ್ಲಾಸ್ಟ್ ಎನ್ನುತ್ತಾರೆ. ಹೊಸದನ್ನು ಕಟ್ಟುವವು ಆಸ್ಟಿಯೋಬ್ಲಾಸ್ಟ್. ಹಳೇ ಗೋಡೆ ಕೆಡವುವವರು ಮುಂದೆ, ಗಾರೆಯವರು ಹಿಂದೆ, ಹೀಗೆ ಕೆಲಸ ಜೀವನವಿಡೀ ನಡೆಯುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 10% ಮೂಳೆ ಹೊಸದಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ಕರಗಿಸುವ ಕೋಶಗಳ ಮೇಲಿನ ಹಿಡಿತ ತಪ್ಪುತ್ತದೆ. ಕಟ್ಟುವುದಕ್ಕಿಂತ ಕರಗುವುದೇ ಜಾಸ್ತಿಯಾಗುತ್ತದೆ. ಮೊದಲು ತೆಳುವಾಗುವುದು ಒಳಗಿನ ಜಾಲರಿಯಂಥ ಮೂಳೆ. ತೊಡೆಮೂಳೆಯ ಕತ್ತಿನಲ್ಲಿ ಈ ಜಾಲರಿಯ ಎಳೆಗಳು ಭಾರ ಬೀಳುವ ದಿಕ್ಕಿಗೇ ಸಾಲಾಗಿರುತ್ತವೆ. ಅವು ಕಡಿದುಹೋಗಿದ್ದರೆ ಒಂದು ಸಣ್ಣ ಜಾರಾಟವೂ ಸಾಕು. ಅಜ್ಜಿಗೆ ಆಗಿದ್ದು ಇದೇ ಇರಬೇಕು. ಡಾಕ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಂಡು ಬರೆಯಿರಿ.

ಇದೇ ಕಾರಣಕ್ಕೆ ಶೀರ್ಷಿಕೆಯ ಕಂಬ ನನಗೆ ಒಪ್ಪಿಗೆಯಿಲ್ಲ. ಕಂಬ ತನ್ನ ಮೇಲಿನ ಭಾರ ನೋಡಿಕೊಂಡು ತನ್ನನ್ನು ತಿದ್ದಿಕೊಳ್ಳುವುದಿಲ್ಲ. ಮೂಳೆ ತಿದ್ದಿಕೊಳ್ಳುತ್ತದೆ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ವಿವರಿಸಿದ್ದ. ಟೆನ್ನಿಸ್ ಆಡುವವರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲ, ಅಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು 1% ಕಳೆದುಕೊಳ್ಳುತ್ತದೆ.

'ಮೂಳೆ ಎಂದರೆ ಕ್ಯಾಲ್ಸಿಯಂ' ಎಂಬ ಸಾಲೂ ಅರ್ಧ ನಿಜ. ಕೊಲಾಜೆನ್ ಎಂಬ ಪ್ರೋಟೀನ್ ನಾರು ಇಲ್ಲದಿದ್ದರೆ ಮೂಳೆ ಪುಡಿಪುಡಿಯಾಗುತ್ತದೆ. ಕೋಳಿಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ. ಖನಿಜ ಕರಗಿ, ಉಳಿದ ನಾರು ರಬ್ಬರಿನ ಹಾಗೆ ಬಾಗುತ್ತದೆ. ಮಾಡಿ ನೋಡಿಯೇ ಬರೆಯಿರಿ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಸಮಸ್ಯೆ ನಿಮಗೂ ಗೊತ್ತಿರುತ್ತದೆ. ಅದು ಮೈಸೇರಿದರೆ ಎಕ್ಸ್‌ರೇಯಲ್ಲಿ ಮೂಳೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಆದರೂ ಬಲ ಕಡಿಮೆ, ಬೆನ್ನು ಬಗ್ಗುವುದಿಲ್ಲ. ನಮ್ಮ ಓದುಗರಲ್ಲಿ ಅಲ್ಲಿನವರೂ ಇದ್ದಾರೆ, ಇದಕ್ಕೆ ಒಂದು ಪ್ಯಾರಾ ಕೊಡಿ.

ಮಜ್ಜೆಯಲ್ಲಿ ರಕ್ತಕಣ ಹುಟ್ಟುವ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಕೊನೆಯ 'ಹಾಲು ಕುಡಿಯಿರಿ, ಮೂಳೆ ಉಳಿಸಿ' ತೆಗೆಯಿರಿ. ಇಡೀ ಅಸ್ಥಿಪಂಜರದ ಚಿತ್ರ ಬೇಡ, ತೊಡೆಮೂಳೆಯನ್ನು ಉದ್ದಕ್ಕೆ ಸೀಳಿದ ಚಿತ್ರ ಹಾಕೋಣ. ಲೇಖನ ಅಜ್ಜಿ ಬಿದ್ದಲ್ಲಿಂದಲೇ ಶುರುವಾಗಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.