ವರ್ಷಕ್ಕೆ ಒಂದು ಲಕ್ಷ ದಾನಕ್ಕೆ ಇಡಬೇಕು ಅಂತಿದ್ದೇನೆ. ಯಾರಿಗೆ, ಹೇಗೆ ಕೊಡಲಿ?

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿ ಜವಳಿ ಸಾಲಿನಲ್ಲಿ ಬಟ್ಟೆ ಅಂಗಡಿ, ಆರು ಜನ ಕೆಲಸದವರು, ಈ ವರ್ಷದಿಂದ ಒಂದು ಲಕ್ಷ ತೆಗೆದಿಡುವ ಮನಸ್ಸು, ಆದರೆ ಯಾರಿಗೆ ಕೊಟ್ಟರೆ ನಿಜವಾಗಿ ಉಪಯೋಗ ಆಗುತ್ತದೆ ಅಂತ ತಿಳಿಯುತ್ತಿಲ್ಲ ಅಂದಿದ್ದೀರಿ. ನಾನು ಗೋಕುಲ ರಸ್ತೆ ಕಡೆ ಪಂಪ್‌ಸೆಟ್ ಮಾರಾಟ ಮತ್ತು ಮೋಟಾರ್ ರಿವೈಂಡಿಂಗ್ ಮಾಡುವವನು. 22 ವರ್ಷ ಆಯ್ತು. ನಾನು ಮಾಡಿದ ಒಂದು ತಪ್ಪನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ಕೊಡುವುದು ಹೇಗೆ ಅಂತ ನನಗೆ ತಿಳಿದಿದ್ದು ಅದರಿಂದಲೇ.

ನಮ್ಮ ತಾಯಿಯ ತವರು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಇನ್ನೂ ಹೆಚ್ಚಾದರೆ ಎಲುಬಿಗೇ ಇಳಿದು ಬೆನ್ನು, ಮೊಣಕಾಲು ಬಗ್ಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ನಮ್ಮ ಸೋದರಮಾವನ ನಡಿಗೆ ನೋಡಿ ಬೆಳೆದವನು ನಾನು. ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಆದ ಕೂಡಲೇ ಅಲ್ಲಿನ ಶಾಲೆಗೆ ನೀರು ಶುದ್ಧ ಮಾಡುವ ಒಂದು ಆರ್‌ಓ ಘಟಕ ಹಾಕಿಸಿದೆ. ಗಂಟೆಗೆ 250 ಲೀಟರಿನದು. 80 ಸಾವಿರ ಬಿತ್ತು. ಶಾಮಿಯಾನ ಹಾಕಿದ್ದರು, ಶಾಲು ಹೊದಿಸಿದರು. ನಮ್ಮ ತಾಯಿ ನಲ್ಲಿ ತಿರುಗಿಸಿ ಮೊದಲ ಲೋಟ ಹಿಡಿದರು. ಆ ದಿನ ನನಗೆ ಆದ ಸಂತೋಷ ಈಗಲೂ ನೆನಪಿದೆ.

ಎರಡು ವರ್ಷ ಬಿಟ್ಟು ಜಾತ್ರೆಗೆ ಹೋದಾಗ ಶಾಲೆ ಕಡೆ ನಡೆದೆ. ಘಟಕದ ಕೋಣೆಗೆ ಬೀಗ. ಕಿಟಕಿಯಿಂದ ನೋಡಿದರೆ ಟ್ಯಾಂಕಿನ ಮೇಲೆ ಧೂಳು, ಪೈಪಿನ ಜಾಯಿಂಟ್‌ಗಳಲ್ಲಿ ಬಿಳಿ ಉಪ್ಪು ಗಟ್ಟಿಕೊಂಡಿದೆ. ಮಕ್ಕಳು ಹೊರಗೆ ಅದೇ ಬೋರ್ ನೀರು ಕುಡಿಯುತ್ತಿದ್ದರು. ಹೆಡ್‌ಮಾಸ್ತರು ತಲೆ ತಗ್ಗಿಸಿ ಹೇಳಿದರು: "ಸರ್ರ, ನೀವು ಕೊಟ್ಟಿದ್ದು ಭಾಳ ಚಲೋ ಆಗಿತ್ರಿ. ಆದ್ರ ಮೆಂಬ್ರೇನ್ ಹೋತ್ರಿ. ಹದಿಮೂರು ಸಾವಿರ ಅಂದ್ರು. ಎಲ್ಲಿಂದ ತರೂಣ್ರಿ? ನಿಮಗ ಫೋನ್ ಮಾಡಾಕ ನಾಚಿಕಿ ಬಂತ್ರಿ."

ಮೆಂಬ್ರೇನ್ ಅಂದರೆ ಘಟಕದೊಳಗೆ ಉಪ್ಪು, ಫ್ಲೋರೈಡ್ ತಡೆಯುವ ಪೊರೆ. ಗಡಸು ನೀರಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಉಪ್ಪು ಕೂರದ ಹಾಗೆ ಔಷಧಿ ಬಿಡುತ್ತಿರಬೇಕು, ಅದಕ್ಕಿಂತ ಮೊದಲು ಬರುವ ಫಿಲ್ಟರ್ ಆಗಾಗ ಬದಲಿಸಬೇಕು. ಇದೆಲ್ಲ ನನ್ನ ದಂಧೆಯ ಮಾತು, ನನಗೆ ಗೊತ್ತಿತ್ತು. ಗಿರಾಕಿ ಕಾರ್ಖಾನೆಗೆ ಮಷೀನ್ ಕೊಡುವಾಗ ವರ್ಷದ ಮೆಂಟೆನೆನ್ಸ್ ಬರೆಸಿಕೊಳ್ಳದೆ ನಾನು ಬಿಟ್ಟವನಲ್ಲ. ದಾನ ಅಂದ ಕೂಡಲೇ ಆ ಲೆಕ್ಕ ಮರೆತಿದ್ದೆ. ಅದು ನನ್ನದೇ ತಪ್ಪು, ಹೆಡ್‌ಮಾಸ್ತರದಲ್ಲ.

ಈಗ ಆ ಘಟಕ ನಡೆಯುತ್ತಿದೆ. ಫಿಲ್ಟರ್, ಔಷಧಿ, ಮೆಂಬ್ರೇನಿನ ಪಾಲು ಎಲ್ಲ ಸೇರಿ ವರ್ಷಕ್ಕೆ ಸುಮಾರು 16 ಸಾವಿರ ನನ್ನದು. ನಮ್ಮ ಗಾಡಿ ಹೇಗೂ ಪಂಪ್ ರಿಪೇರಿಗೆ ಆ ಕಡೆ ಹೋಗುತ್ತದೆ, ಹುಡುಗ ಅರ್ಧ ದಿನ ಅಲ್ಲೇ ನಿಂತು ಸರ್ವಿಸ್ ಮಾಡಿ ಬರುತ್ತಾನೆ. ಶುದ್ಧ ಮಾಡುವಾಗ ಘಟಕ ಹೊರಗೆ ಬಿಡುವ ಉಪ್ಪಿನ ನೀರನ್ನು ಶೌಚಾಲಯದ ಟ್ಯಾಂಕಿಗೆ ತಿರುಗಿಸಿದ್ದೇವೆ. ಏಳನೇ ತರಗತಿಯ ಇಬ್ಬರು ಹುಡುಗಿಯರಿಗೆ ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ಕೊಟ್ಟಿದ್ದೇನೆ. ಪ್ರತಿ ಸೋಮವಾರ ಲೋಟಕ್ಕೆ ನೀರು ಹಿಡಿದು ಮೀಟರ್ ಅದ್ದಿ, ಬಂದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೆಡ್‌ಮಾಸ್ತರು ಫೋಟೋ ತೆಗೆದು ಕಳಿಸುತ್ತಾರೆ. ಅಂಕಿ 150 ದಾಟಿದರೆ ಮೆಂಬ್ರೇನ್ ಸೋಲುತ್ತಿದೆ ಅಂತ ನನಗೆ ಅಂಗಡಿಯಲ್ಲೇ ಕೂತು ಗೊತ್ತಾಗುತ್ತದೆ.

ನಿಮಗೆ ಹೇಳಬೇಕಾದ್ದು ಇದೇ. ಒಂದು ಲಕ್ಷ ಇದೆ ಅಂತ ಒಂದು ಲಕ್ಷದ ವಸ್ತು ಕೊಡಬೇಡಿ. 50 ಸಾವಿರದ್ದು ಕೊಟ್ಟು, ಉಳಿದ 50 ಸಾವಿರ ಮುಂದಿನ ಮೂರು ವರ್ಷ ಅದನ್ನು ನಡೆಸುವುದಕ್ಕೆ ಇಡಿ. ಉದ್ಘಾಟನೆಗೆ ದಾನಿಗಳು ಸಿಗುತ್ತಾರೆ. ವಾಲ್ವ್ ಬದಲಿಸುವುದಕ್ಕೆ, ಕರೆಂಟ್ ಬಿಲ್ ಕಟ್ಟುವುದಕ್ಕೆ, ಅಡುಗೆಯವರ ಪಗಾರಕ್ಕೆ ಸಿಗುವುದಿಲ್ಲ. ಸಂಸ್ಥೆಗಳು ಸೊರಗುವುದು ಅಲ್ಲೇ.

ನಮ್ಮ ಕಡೆ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಅಂತ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಒಂದೇ ದಿನ ಹಂಚಿ ಮುಗಿಸಲಿಲ್ಲ, ಟ್ರಸ್ಟ್ ಆಗಿ ಉಳಿಯುವ ಹಾಗೆ ಮಾಡಿದರು. ಅವರು ಹೋದ ಮೇಲೂ ಎಷ್ಟೋ ಬಡ ಮಕ್ಕಳು ಅದರ ನೆರವಿನಿಂದ ಓದಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಕಣ್ಣು ಕಾಣದ ಮಕ್ಕಳಿಗೆ ಊಟ, ವಸತಿ, ಸಂಗೀತ ಕೊಡುವ ಆ ಆಶ್ರಮವನ್ನು 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಸಾಕಿದ್ದು ಹೇಗೆ? ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ದುಡಿದು ತಂದರು. ಊರಿನವರು ತುಲಾಭಾರ ಮಾಡಿದರು. ಸಣ್ಣ ಸಣ್ಣದು, ಆದರೆ ನಿಲ್ಲದೆ ಬರುವಂಥದ್ದು. ನೀವು ಹಬ್ಬಕ್ಕೊಮ್ಮೆ 25 ಸಾವಿರ ಕೊಡುವುದಕ್ಕಿಂತ ತಿಂಗಳಿಗೆ ಎರಡು ಸಾವಿರ ತಪ್ಪದೆ ಕೊಟ್ಟರೆ, ಅಲ್ಲಿ ನಡೆಸುವವರು ಅದನ್ನು ನಂಬಿ ಅಕ್ಕಿ ತರಬಹುದು.

ಇನ್ನು, ಕೊಡುವ ಮುಂಚೆ ಕೇಳಿ. ಜೂನ್ ಬಂದರೆ ಎಲ್ಲರೂ ನೋಟ್‌ಬುಕ್ ಹಂಚುತ್ತಾರೆ ಅಲ್ವಾ? ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಸರ್ಕಾರದಿಂದಲೇ ಬರುತ್ತದೆ. ಒಂದೇ ಶಾಲೆಗೆ ಮೂರು ಮಂದಿ ನೋಟ್‌ಬುಕ್ ಕೊಟ್ಟು, ಪಕ್ಕದ ಶಾಲೆಗೆ ಯಾರೂ ಹೋಗದೆ ಇರುವುದನ್ನು ನಾನೇ ನೋಡಿದ್ದೇನೆ. ಸುಮ್ನೆ ಒಂದು ದಿನ ಹೋಗಿ ಹೆಡ್‌ಮಾಸ್ತರ ಮುಂದೆ ಕೂತು, "ಯಾರೂ ಕೊಡದೆ ಇರೋದು ಏನ್ರಿ?" ಅಂತ ಕೇಳಿ. ಮೊದಲ ಸಲ ಸಂಕೋಚ ಪಡುತ್ತಾರೆ. ಎರಡನೇ ಸಲ ನಿಜ ಹೇಳುತ್ತಾರೆ.

ನಿಮ್ಮದು ಬಟ್ಟೆ ವ್ಯಾಪಾರ. ಅದರಲ್ಲೇ ನಿಮ್ಮ ಬಲ ಇದೆ. ಯಾವ ಬಟ್ಟೆ ಹತ್ತು ಸಲ ಒಗೆದರೂ ತಡೆಯುತ್ತದೆ, ಯಾವುದು ಬಣ್ಣ ಬಿಡುತ್ತದೆ, ಎಲ್ಲಿ ಸಗಟು ದರಕ್ಕೆ ಸಿಗುತ್ತದೆ ಅಂತ ನಿಮಗೆ ಗೊತ್ತು. ಅದೇ ಒಂದು ಲಕ್ಷದಲ್ಲಿ ನೀವು ತರುವಷ್ಟು ಒಳ್ಳೆ ಬಟ್ಟೆ ಬೇರೆ ದಾನಿ ತರಲಾರ. ಕಿಮ್ಸ್ ಅಂತ ನಾವು ಕರೆಯುವ ಹುಬ್ಬಳ್ಳಿಯ ಸರ್ಕಾರಿ ದೊಡ್ಡಾಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳದಿಂದ ಬಡವರು ಬರುತ್ತಾರೆ. ಬಾಣಂತಿಯರ ವಾರ್ಡಿನಲ್ಲಿ ಕೂಸಿಗೆ ಸುತ್ತುವ ಮೆತ್ತನೆ ಹತ್ತಿ ಬಟ್ಟೆ, ಜೊತೆಗೆ ಬಂದವರಿಗೆ ಹೊದಿಕೆ ಬೇಕಾ ಅಂತ ಅಲ್ಲಿನ ಅಧಿಕಾರಿಗಳನ್ನು ಕೇಳಿ ನೋಡಿ. ಬೇಕು ಅಂದರೆ ಪ್ರತಿ ತಿಂಗಳು ಇಷ್ಟು ಅಂತ ಒಪ್ಪಿಕೊಳ್ಳಿ. ಮಾರಾಟವಾಗದ ಹಳೇ ಸ್ಟಾಕ್ ತಳ್ಳುವುದು ಮಾತ್ರ ಬೇಡ. ತಗೊಳ್ಳುವವರಿಗೆ ಅದು ಗೊತ್ತಾಗುತ್ತದೆ.

ಕೆಲವು ಕಡೆ ದಾನಕ್ಕಿಂತ ಆರ್ಡರ್ ಮೇಲು. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ. ದೇಶದ ಬಾವುಟ ತಯಾರಾಗುವ ಜಾಗ. ಅಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. 2021ರ ಡಿಸೆಂಬರ್‌ನಲ್ಲಿ ಧ್ವಜ ನೀತಿ ಬದಲಾಗಿ ಪಾಲಿಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. ಕೈಯಲ್ಲಿ ನೂತು ನೇಯ್ದ ಬಟ್ಟೆ ಆ ದರದ ಮುಂದೆ ನಿಲ್ಲುವುದು ಕಷ್ಟ. ನಿಮ್ಮ ಅಂಗಡಿಯಲ್ಲಿ ಒಂದು ಕಪಾಟು ಖಾದಿಗೆ ಬಿಟ್ಟರೆ, ವರ್ಷಕ್ಕೆ ಇಷ್ಟು ಅಂತ ಖಚಿತ ಆರ್ಡರ್ ಕೊಟ್ಟು ರೊಕ್ಕ ತಡ ಮಾಡದೆ ಕಟ್ಟಿದರೆ, ಅದು ಅವರ ದುಡಿಮೆಗೆ ಆಧಾರ. ಮಾರ್ಜಿನ್ ಕಡಿಮೆ ಬರುತ್ತದೆ, ನಿಜ. ಆ ಕಡಿಮೆಯನ್ನೇ ನಿಮ್ಮ ಒಂದು ಲಕ್ಷದ ಲೆಕ್ಕದಲ್ಲಿ ಹಿಡಿಯಿರಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಹೊರಗೆ ಕೊಡುವ ಮೊದಲು ಅಂಗಡಿಯ ಆರು ಜನರನ್ನು ನೋಡಿ. ಪಗಾರ ಸರಿಯಾದ ದಿನ ಸಿಗುತ್ತಿದೆಯಾ? ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ 436 ರೂಪಾಯಿ. ಒಂದು ಅಪಘಾತಕ್ಕೆ, ಇನ್ನೊಂದು ಜೀವಕ್ಕೆ, ತಲಾ ಎರಡು ಲಕ್ಷದ ವಿಮೆ. ಆರು ಜನಕ್ಕೂ ಎರಡನ್ನೂ ನೀವೇ ಕಟ್ಟಿದರೆ 2,736 ರೂಪಾಯಿ. ನಮ್ಮ ಹತ್ತಿರ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಬೈಕ್ ಅಪಘಾತದಲ್ಲಿ ಹೋದ. ಆಗ ನಾನು ಇದನ್ನು ಮಾಡಿಸಿರಲಿಲ್ಲ. ಅವನ ಹೆಂಡತಿಯ ಮುಖ ನೋಡುವುದು ಇವತ್ತಿಗೂ ನನಗೆ ಕಷ್ಟ.

ತೆರಿಗೆ ವಿಷಯ ಬೇಗ ಹೇಳಿಬಿಡುತ್ತೇನೆ. ದಾನಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (80ಜಿ ಅಂತಾರೆ) ಇರುವ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟಿದ್ದರ ಅರ್ಧದಷ್ಟು ಆದಾಯದಿಂದ ಕಳೆಯಬಹುದು, ಅದಕ್ಕೂ ಒಂದು ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕಿಲ್ಲ, ವಸ್ತು ಕೊಟ್ಟರೂ ಇಲ್ಲ. ನಿಮ್ಮ ಹೆಸರಿನಲ್ಲಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ಸೌಲಭ್ಯವೇ ಸಿಗುವುದಿಲ್ಲ. ಅಂಗಡಿಯ ಸ್ಟಾಕಿನಿಂದ ಬಟ್ಟೆ ಪುಕ್ಕಟೆ ಕೊಟ್ಟರೆ, ಅದರ ಖರೀದಿ ಮೇಲೆ ತಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ) ವಾಪಸ್ ಮಾಡಬೇಕು. ಇದನ್ನು ಆಡಿಟರ್‌ಗೆ ಮೊದಲೇ ಹೇಳಿ. ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ಅದು ಐದು ಕೋಟಿ ನಿವ್ವಳ ಲಾಭ ಅಥವಾ ಸಾವಿರ ಕೋಟಿ ವಹಿವಾಟಿನಂಥ ದೊಡ್ಡ ಕಂಪನಿಗಳಿಗೆ. ನಮಗೆ ಸಂಬಂಧ ಇಲ್ಲ.

ಸಂಸ್ಥೆ ನಂಬಿಕಸ್ಥದ್ದಾ ಅಂತ ನೋಡಲು ಆಡಿಟ್ ವರದಿ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ, ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಸಾರಿನಲ್ಲಿ ಬೇಳೆ ಎಷ್ಟಿದೆ ಅಂತ ನೋಡಿದರೆ ಅರ್ಧ ಲೆಕ್ಕ ತಿಳಿಯುತ್ತದೆ. ಮೊದಲ ವರ್ಷ ಎರಡೇ ಜಾಗ ಹಿಡಿಯಿರಿ. ಹತ್ತು ಕಡೆ ಹತ್ತು ಹತ್ತು ಸಾವಿರ ಹಂಚಿದರೆ ಒಂದು ಕಡೆಯೂ ಏನಾಯಿತು ಅಂತ ನೋಡಲು ಆಗುವುದಿಲ್ಲ.

ಕುಡಿಯುವ ನೀರಿನ ಕೆಲಸವೇ ಮಾಡಬೇಕು ಅನಿಸಿದರೆ, ಮಷೀನ್ ಕೊಳ್ಳುವ ಮೊದಲು ಆ ಊರಿನ ನೀರನ್ನು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ. ಟಿಡಿಎಸ್ ಮೀಟರಿನಲ್ಲಿ ಫ್ಲೋರೈಡ್ ಗೊತ್ತಾಗುವುದಿಲ್ಲ. ವರದಿ ಬಂದ ಮೇಲೆ ಇಲ್ಲೇ ಹಾಕಿ. ಯಾವ ಘಟಕ ಸರಿ ಹೋಗುತ್ತದೆ, ವರ್ಷಕ್ಕೆ ಖರ್ಚು ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತೇನೆ. ನನ್ನ ಹತ್ತಿರವೇ ಕೊಳ್ಳಬೇಕು ಅಂತ ಏನೂ ಇಲ್ಲ.